ಹೆರಿಗೆಯ ನಂತರ ಎಷ್ಟು ರಕ್ತ ಹೋಯಿತು? ಆಸ್ಪತ್ರೆಯ ಸಂಶೋಧನೆ ಜೀವ ಉಳಿಸುವ ಬಗೆ

2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಆಸ್ಪತ್ರೆಗೆ ಹೋದ ಮೇಲೂ ಹೆಣ್ಣುಮಕ್ಕಳು ಹೆರಿಗೆಯಲ್ಲಿ ಸಾಯುವುದೇಕೆ ಎಂಬ ಪ್ರಶ್ನೆ ಆಗ ಎಲ್ಲರ ಬಾಯಲ್ಲೂ ಇತ್ತು. ಬಳ್ಳಾರಿಯಲ್ಲಿ ಸಂಶಯ ಬಿದ್ದದ್ದು ನರಕ್ಕೆ ಏರಿಸಿದ ಡ್ರಿಪ್ಪಿನ ಮೇಲೆ. ಅದು ಔಷಧದ ಗುಣಮಟ್ಟಕ್ಕೆ ಸೇರಿದ, ತನಿಖೆಯಾಗಬೇಕಾದ ವಿಷಯ. ಇಲ್ಲಿ ಹೇಳಹೊರಟಿರುವುದು ಅದರ ಪಕ್ಕದಲ್ಲೇ ಇರುವ, ನಾವು ಹೆಚ್ಚು ಮಾತಾಡದ ಇನ್ನೊಂದು ಸಂಗತಿ. ಹೆರಿಗೆ ಮಾಡಿಸುವ ವೈದ್ಯರಿಗೆ ಯಾವ ಮದ್ದು, ಯಾವ ಕ್ರಮ ಜೀವ ಉಳಿಸುತ್ತದೆ ಎಂಬುದು ಗೊತ್ತಾಗುವುದಾದರೂ ಹೇಗೆ?

ಗೊತ್ತಾಗುವುದು ಆಸ್ಪತ್ರೆಯಲ್ಲೇ, ರೋಗಿಗಳ ನಡುವೆಯೇ ನಡೆಯುವ ಸಂಶೋಧನೆಯಿಂದ. ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋದಾಗ ಯಾರಾದರೂ ಬಂದು "ಒಂದು ಅಧ್ಯಯನ ನಡೀತಾ ಇದೆ, ಸೇರ್ತೀರಾ?" ಎಂದು ಕಾಗದ ಮುಂದಿಟ್ಟರೆ, ಮನೆಯವರ ಬಾಯಿಂದ ಮೊದಲು ಬರುವ ಮಾತು "ನಮ್ಮ ಮೇಲೆ ಪ್ರಯೋಗ ಮಾಡ್ತಾರಾ?" ಎಂಬುದೇ. ಆ ಭಯ ಸಹಜ. ಅದಕ್ಕೆ ಸರಿಯಾದ ಉತ್ತರ ಸಿಗಬೇಕಾದರೆ ಒಂದು ನಿಜವಾದ ಸಂಶೋಧನೆಯ ಜಾಡು ಹಿಡಿದು ಹೋಗುವುದು ಒಳ್ಳೆಯದು. ಅದಕ್ಕಾಗಿ ದೂರ ಹೋಗಬೇಕಿಲ್ಲ, ಬೆಳಗಾವಿ ಸಾಕು.

ಹೆರಿಗೆಯ ನಂತರದ ರಕ್ತಸ್ರಾವ ಎಂದರೇನು?

ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳಬೇಕು. ಮಾಸು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ಪ್ರತಿ ನಿಮಿಷವೂ ಅರ್ಧ ಲೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಗರ್ಭಕೋಶದ ಸ್ನಾಯುಗಳು ಬಿಗಿಯಾದರೆ ನಾಳಗಳು ಅವುಗಳ ನಡುವೆ ಸಿಕ್ಕಿ ಮುಚ್ಚಿಕೊಳ್ಳುತ್ತವೆ. ಗರ್ಭಕೋಶ ಸಡಿಲವಾಗಿಯೇ ಉಳಿದರೆ ರಕ್ತ ನಿಲ್ಲುವುದಿಲ್ಲ. ಹೆರಿಗೆಯ ನಂತರದ ಹೆಚ್ಚಿನ ರಕ್ತಸ್ರಾವಕ್ಕೆ ಮುಖ್ಯ ಕಾರಣ ಇದೇ. ಹರಿದ ಗಾಯ, ಒಳಗೇ ಉಳಿದ ಮಾಸಿನ ಚೂರು, ರಕ್ತ ಹೆಪ್ಪುಗಟ್ಟದ ತೊಂದರೆ ಇವೂ ಕಾರಣವಾಗಬಹುದು.

ಸಹಜ ಹೆರಿಗೆಯಾಗಿ 24 ಗಂಟೆಯೊಳಗೆ 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ಹೆರಿಗೆಯ ನಂತರದ ರಕ್ತಸ್ರಾವ ಎಂದು ವೈದ್ಯರು ಬಹುಕಾಲದಿಂದ ಗುರುತಿಸುತ್ತಾ ಬಂದಿದ್ದಾರೆ. ಒಂದು ಲೀಟರ್ ದಾಟಿದರೆ ತೀವ್ರ ರಕ್ತಸ್ರಾವ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1.4 ಕೋಟಿ ತಾಯಂದಿರು ಇದಕ್ಕೆ ತುತ್ತಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಮೊದಲೇ ರಕ್ತಹೀನತೆ ಇರುವ ಹೆಂಗಸಿಗೆ ಇಷ್ಟು ರಕ್ತವೂ ಬೇಕಿಲ್ಲ, ಕಡಿಮೆ ಹೋದರೂ ಜೀವಕ್ಕೆ ಕುತ್ತು. ನಮ್ಮ ಹಳ್ಳಿಗಳ ಬಸುರಿಯರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂದು ಯಾವ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಹೇಳುತ್ತಾರೆ.

ಕಣ್ಣಳತೆ ಎಲ್ಲಿ ಸೋಲುತ್ತದೆ

500 ಮಿಲಿಲೀಟರ್ ಎಂದು ಪುಸ್ತಕದಲ್ಲಿ ಬರೆಯುವುದು ಸುಲಭ. ಹೆರಿಗೆ ಕೋಣೆಯಲ್ಲಿ ಅದನ್ನು ಅಳೆಯುವುದು ಹೇಗೆ? ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ ಒಡೆದು, ಅರ್ಧ ಹಾಸಿಗೆಗೆ ಹೀರಿ, ಕಾಲು ಭಾಗ ನೆಲಕ್ಕೆ ಹರಿದು ನೀರಿನ ಜೊತೆ ಬೆರೆತು, ಉಳಿದದ್ದು ಒರೆಸಿದ ಬಟ್ಟೆಯಲ್ಲಿ ಸೇರಿದ್ದರೆ, ಒಟ್ಟು ಎಷ್ಟು ಚೆಲ್ಲಿತು ಎಂದು ನೋಡಿ ಹೇಳಲು ಯಾರಿಗೂ ಆಗದು. ಹೆರಿಗೆಯಲ್ಲಿ ಹೋಗುವ ರಕ್ತ ಹಾಗೆಯೇ ಬಟ್ಟೆ, ಹತ್ತಿ, ನೆಲ, ಬಕೆಟ್ಟು ಎಲ್ಲದಕ್ಕೂ ಹಂಚಿಹೋಗಿರುತ್ತದೆ. ಆದರೂ ದಶಕಗಳ ಕಾಲ ವೈದ್ಯರು, ಸಿಸ್ಟರುಗಳು ನಂಬಿದ್ದು ಕಣ್ಣಳತೆಯನ್ನೇ.

ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ವಿಶ್ವವಿದ್ಯಾಲಯಗಳ ತಂಡದೊಂದಿಗೆ ಸೇರಿ ಇದಕ್ಕೆ ತೀರಾ ಸರಳವಾದ ಸಾಧನವೊಂದನ್ನು ರೂಪಿಸಿದರು. ತಾಯಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ. ಅದರ ಕೆಳತುದಿಯಲ್ಲಿ ಕಿರಿದಾಗುತ್ತಾ ಹೋಗುವ ಚೀಲ. ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ರಕ್ತ ಚೀಲಕ್ಕೆ ಇಳಿಯುತ್ತದೆ, ಎಷ್ಟಾಯಿತೆಂದು ಗೆರೆ ನೋಡಿದರೆ ತಿಳಿಯುತ್ತದೆ. ಬ್ರಾಸ್-ವಿ ಡ್ರೇಪ್ ಎಂಬುದು ಅದರ ಹೆಸರು.

ಸಾಧನ ಚೆನ್ನಾಗಿದೆ ಎಂದು ಹೇಳಿಕೊಂಡರೆ ಸಾಲದು. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ 123 ತಾಯಂದಿರನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಕಣ್ಣಳತೆಯಿಂದ, ಇನ್ನೊಂದರಲ್ಲಿ ಡ್ರೇಪಿನಿಂದ ರಕ್ತದ ಲೆಕ್ಕ ಬರೆದುಕೊಂಡರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಣ್ಣಳತೆಯ ಲೆಕ್ಕ ಡ್ರೇಪಿನ ಲೆಕ್ಕಕ್ಕಿಂತ ಶೇ 33ರಷ್ಟು ಕಡಿಮೆ ಬಂದಿತ್ತು. ಹತ್ತು ಚೀಲಗಳ ಲೆಕ್ಕವನ್ನು ಪ್ರಯೋಗಾಲಯದ ಸೂಕ್ಷ್ಮ ವಿಧಾನದೊಂದಿಗೆ ಹೋಲಿಸಿದಾಗ ಎರಡೂ ಹೆಚ್ಚುಕಡಿಮೆ ತಾಳೆಯಾದವು.

ಶೇ 33ರ ವ್ಯತ್ಯಾಸ ಹಾಸಿಗೆಯ ಪಕ್ಕದಲ್ಲಿ ನಿಂತವರಿಗೆ ಏನಾಗಿ ಕಾಣುತ್ತದೆ ಎಂದು ಯೋಚಿಸಿ. ನಿಜಕ್ಕೂ 600 ಮಿಲಿಲೀಟರ್ ಹೋಗಿದೆ. ಸಿಸ್ಟರ್ ಕಣ್ಣಿಗೆ ಅದು 400. "ಪರವಾಗಿಲ್ಲ, ನೋಡೋಣ" ಎಂದು ಕಾಯುತ್ತಾರೆ. ಅವರ ನಿರ್ಲಕ್ಷ್ಯ ಅದಲ್ಲ, ಮನುಷ್ಯರ ಕಣ್ಣಿನ ಮಿತಿ. ಎಷ್ಟೇ ಅನುಭವಿಗಳಾಗಿದ್ದರೂ ತಮ್ಮ ಕಣ್ಣು ತಮಗೆ ಕಡಿಮೆ ಹೇಳುತ್ತಿದೆ ಎಂಬುದು ಅಳೆದು ನೋಡುವವರೆಗೆ ತಿಳಿಯಲಾರದು.

ಒಂದು ಮಾತ್ರೆ, 1,620 ತಾಯಂದಿರು

ಗರ್ಭಕೋಶ ಕುಗ್ಗಿಸಲು ಆಕ್ಸಿಟೋಸಿನ್ ಎಂಬ ಒಳ್ಳೆಯ ಇಂಜೆಕ್ಷನ್ ಮೊದಲಿನಿಂದಲೂ ಇದೆ. ಆದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಚುಚ್ಚಲು ತರಬೇತಿ ಪಡೆದವರು ಬೇಕು. ಇಪ್ಪತ್ತು ವರ್ಷಗಳ ಹಿಂದೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಎಷ್ಟೋ ಹೆರಿಗೆಗಳು ಮನೆಯಲ್ಲಿ, ಇಲ್ಲವೇ ಉಪಕೇಂದ್ರದಲ್ಲಿ ಎಎನ್‌ಎಂ ಸಿಸ್ಟರುಗಳ ಕೈಯಲ್ಲಿ ಆಗುತ್ತಿದ್ದವು. ಅಲ್ಲಿ ಫ್ರಿಜ್ಜೂ ಇಲ್ಲ, ಇಂಜೆಕ್ಷನ್ನೂ ಇಲ್ಲ.

ಮಿಸೊಪ್ರೊಸ್ಟಾಲ್ ಮೂಲತಃ ಹೊಟ್ಟೆಹುಣ್ಣಿಗೆಂದು ಬಂದ ಮಾತ್ರೆ. ಅದು ಗರ್ಭಕೋಶವನ್ನೂ ಕುಗ್ಗಿಸುತ್ತದೆ, ಸಾಮಾನ್ಯ ಉಷ್ಣತೆಯಲ್ಲಿ ಕೆಡದೆ ಇರುತ್ತದೆ, ನುಂಗಿದರೆ ಸಾಕು. ಹಾಗಾದರೆ ಮಗು ಹುಟ್ಟಿದ ಕೂಡಲೇ ಈ ಮಾತ್ರೆ ಕೊಟ್ಟರೆ ಹಳ್ಳಿಯ ಬಾಣಂತಿಯ ರಕ್ತಸ್ರಾವ ತಡೆಯಬಹುದೇ? ಇದು ಪ್ರಶ್ನೆ.

2002ರಿಂದ 2005ರವರೆಗೆ ಬಿ.ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ, ಅಮೆರಿಕದ ರಿಚರ್ಡ್ ಡರ್ಮನ್ ಮುಂತಾದವರ ತಂಡ 1,620 ತಾಯಂದಿರೊಂದಿಗೆ ಇದನ್ನು ಪರೀಕ್ಷಿಸಿತು. 812 ಮಂದಿಗೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್, 808 ಮಂದಿಗೆ ನೋಡಲು ಅದೇ ರೀತಿ ಇರುವ, ಔಷಧವಿಲ್ಲದ ಮಾತ್ರೆ. ಔಷಧವಿಲ್ಲದ ಈ ಮಾತ್ರೆಗೆ ಪ್ಲಸೀಬೊ ಎನ್ನುತ್ತಾರೆ. ರಕ್ತ ಅಳೆದದ್ದು ಅದೇ ಡ್ರೇಪಿನಿಂದ.

2006ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿತ್ತು. ಪ್ಲಸೀಬೊ ಪಡೆದವರಲ್ಲಿ ಶೇ 12ರಷ್ಟು ತಾಯಂದಿರಿಗೆ ಅರ್ಧ ಲೀಟರ್ ಮೀರಿದ ರಕ್ತಸ್ರಾವ ಆಗಿತ್ತು. ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಶೇ 6.4. ಒಂದು ಲೀಟರ್ ಮೀರಿದ ತೀವ್ರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ ಇಳಿದಿತ್ತು. 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ. ಮಾತ್ರೆ ಪಡೆದವರಲ್ಲಿ ಚಳಿನಡುಕ, ಜ್ವರ ಹೆಚ್ಚು ಕಂಡವು, ಸ್ವಲ್ಪ ಹೊತ್ತಿನಲ್ಲಿ ಇಳಿದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಯುವ ಉದ್ದೇಶಕ್ಕಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆ ನಿರ್ಧಾರದ ಹಿಂದಿದ್ದ ಪುರಾವೆಗಳಲ್ಲಿ ಬೆಳಗಾವಿಯ ತಾಯಂದಿರ ಪಾಲೂ ಇದೆ.

(ಈ ಮಾತ್ರೆಯನ್ನು ಯಾರೂ ತಾವಾಗಿಯೇ ತೆಗೆದುಕೊಳ್ಳಬಾರದು. ಮಗು ಹುಟ್ಟುವ ಮೊದಲು ನುಂಗಿದರೆ ತಾಯಿ, ಮಗು ಇಬ್ಬರಿಗೂ ಅಪಾಯವಾಗಬಹುದು.)

ಎರಡು ಗುಂಪು ಏಕೆ ಬೇಕು?

ಇಲ್ಲಿ ಬಹಳ ಮಂದಿಗೆ ಒಂದು ಅನುಮಾನ ಬರುತ್ತದೆ. ಮಾತ್ರೆ ಒಳ್ಳೆಯದೆಂದು ಅನಿಸಿದರೆ ಎಲ್ಲರಿಗೂ ಕೊಟ್ಟುಬಿಡಬಾರದೇ? ಅರ್ಧದಷ್ಟು ಜನರಿಗೆ ಔಷಧವಿಲ್ಲದ ಮಾತ್ರೆ ಏಕೆ?

ಮೇಲಿನ ಅಂಕಿಯನ್ನೇ ಇನ್ನೊಮ್ಮೆ ನೋಡಿ. ಔಷಧವಿಲ್ಲದ ಮಾತ್ರೆ ಪಡೆದವರಲ್ಲೂ ನೂರಕ್ಕೆ 88 ತಾಯಂದಿರಿಗೆ ಅಷ್ಟು ರಕ್ತಸ್ರಾವ ಆಗಲೇ ಇಲ್ಲ. ಎಲ್ಲರಿಗೂ ಔಷಧ ಕೊಟ್ಟು, ನೂರರಲ್ಲಿ 90 ಮಂದಿ ಚೆನ್ನಾಗಿದ್ದಾರೆ ಎಂದು ಖುಷಿಪಟ್ಟಿದ್ದರೆ, ಅದು ಔಷಧದಿಂದಲೋ, ಇಲ್ಲದಿದ್ದರೂ ಹಾಗೇ ಇರುತ್ತಿದ್ದರೋ ತಿಳಿಯುತ್ತಿರಲಿಲ್ಲ. ಹೋಲಿಸಲು ಇನ್ನೊಂದು ಗುಂಪು ಬೇಕೇಬೇಕು.

ಆ ಎರಡು ಗುಂಪುಗಳನ್ನು ವೈದ್ಯರು ಆರಿಸುವಂತಿಲ್ಲ. ಆರಿಸಿದರೆ ತಿಳಿದೋ ತಿಳಿಯದೆಯೋ ಗಟ್ಟಿಮುಟ್ಟಾದವರು ಒಂದು ಕಡೆ, ನಿತ್ರಾಣರಾದವರು ಇನ್ನೊಂದು ಕಡೆ ಸೇರಿಬಿಡುತ್ತಾರೆ. ಅದಕ್ಕೇ ಯಾರಿಗೆ ಯಾವುದು ಎಂಬುದನ್ನು ಮೊದಲೇ ಸಿದ್ಧವಾದ, ಯಾರ ಕೈವಾಡವೂ ಇಲ್ಲದ ಪಟ್ಟಿ ತೀರ್ಮಾನಿಸುತ್ತದೆ. ಇದನ್ನು ಯಾದೃಚ್ಛಿಕ ಹಂಚಿಕೆ ಎನ್ನುತ್ತಾರೆ. ವಯಸ್ಸು, ರಕ್ತಹೀನತೆ, ಎಷ್ಟನೇ ಹೆರಿಗೆ ಎಂಬ ಎಲ್ಲ ವ್ಯತ್ಯಾಸಗಳೂ ಆಗ ಎರಡೂ ಕಡೆ ಸರಿಸುಮಾರು ಸಮನಾಗಿ ಹರಡಿಕೊಳ್ಳುತ್ತವೆ. ಮಾತ್ರೆ ಕೊಡುವವರಿಗೂ ಪಡೆಯುವವರಿಗೂ ಅದು ಯಾವುದೆಂದು ಗೊತ್ತಿಲ್ಲದಂತೆ ಇಟ್ಟರೆ ರಕ್ತದ ಲೆಕ್ಕ ಬರೆಯುವಾಗ ಪಕ್ಷಪಾತ ನುಸುಳುವುದಿಲ್ಲ.

ಹಾಗಿದ್ದರೂ ಪ್ಲಸೀಬೊ ಕೊಟ್ಟದ್ದು ನ್ಯಾಯವೇ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ, ಕೇಳಲೇಬೇಕು. ಆ ಹಳ್ಳಿಗಳಲ್ಲಿ ಆಗ ಸಿಸ್ಟರುಗಳ ಕೈಯಲ್ಲಿ ಕೊಡಲು ಯಾವ ಔಷಧವೂ ಇರಲಿಲ್ಲ. ಅಧ್ಯಯನಕ್ಕೆ ಸೇರಿದ್ದರಿಂದ ಯಾರೂ ಇದ್ದ ಚಿಕಿತ್ಸೆಯನ್ನು ಕಳೆದುಕೊಳ್ಳಲಿಲ್ಲ ಎಂಬುದು ಅದಕ್ಕಿದ್ದ ಸಮರ್ಥನೆ. ಒಂದು ಔಷಧ ಕೆಲಸ ಮಾಡುತ್ತದೆಂದು ಸಾಬೀತಾದ ಮೇಲೆ ಹಾಗೆ ಮಾಡುವಂತಿಲ್ಲ. ಹೊಸದನ್ನು ಆಗ ಇರುವುದರಲ್ಲೇ ಒಳ್ಳೆಯದರ ಜೊತೆ ಹೋಲಿಸಬೇಕು. ತಂಪು ಬೇಡದ ಕಾರ್ಬೆಟೋಸಿನ್ ಎಂಬ ಇಂಜೆಕ್ಷನ್ನನ್ನು ಭಾರತವೂ ಸೇರಿ 10 ದೇಶಗಳ 23 ಆಸ್ಪತ್ರೆಗಳಲ್ಲಿ, ಸುಮಾರು 30,000 ತಾಯಂದಿರಲ್ಲಿ ಪರೀಕ್ಷಿಸಿದಾಗ ಹೋಲಿಕೆಯ ಗುಂಪಿಗೆ ಆಕ್ಸಿಟೋಸಿನ್ನನ್ನೇ ಕೊಡಲಾಯಿತು. 2018ರ ಆ ಫಲಿತಾಂಶದಲ್ಲಿ ಅರ್ಧ ಲೀಟರ್ ಅಥವಾ ಹೆಚ್ಚು ರಕ್ತ ಹೋದವರು, ಇಲ್ಲವೇ ಗರ್ಭಕೋಶ ಕುಗ್ಗಿಸಲು ಇನ್ನೂ ಔಷಧ ಬೇಕಾದವರು ಎರಡೂ ಕಡೆ ನೂರಕ್ಕೆ ಹದಿನಾಲ್ಕೂವರೆಯ ಆಸುಪಾಸಿನಲ್ಲಿದ್ದರು. ಫ್ರಿಜ್ ಇಲ್ಲದ ಕಡೆ ಇಷ್ಟು ಸಮನಾಗಿರುವುದೇ ದೊಡ್ಡ ಲಾಭ.

ಹೊಸ ಔಷಧವಿಲ್ಲದೆ ಬಂದ ದೊಡ್ಡ ಬದಲಾವಣೆ

ಸಂಶೋಧನೆ ಎಂದರೆ ಹೊಸ ಔಷಧ ಎಂದೇ ನಾವು ತಿಳಿಯುತ್ತೇವೆ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಅಧ್ಯಯನದಲ್ಲಿ ಒಂದೂ ಹೊಸ ಔಷಧ ಇರಲಿಲ್ಲ.

ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, 2 ಲಕ್ಷಕ್ಕೂ ಹೆಚ್ಚು ತಾಯಂದಿರ ಹೆರಿಗೆಗಳಲ್ಲಿ ನಡೆದ 'ಇ-ಮೋಟಿವ್' ಅಧ್ಯಯನ ಅದು. ಫಲಿತಾಂಶ 2023ರಲ್ಲಿ ಬಂತು. ಅಲ್ಲಿ ಹಂಚಿದ್ದು ರೋಗಿಗಳನ್ನಲ್ಲ, ಆಸ್ಪತ್ರೆಗಳನ್ನೇ. ಒಂದು ಗುಂಪಿನ ಆಸ್ಪತ್ರೆಗಳು ಎಂದಿನಂತೆ ನಡೆದವು. ಇನ್ನೊಂದು ಗುಂಪಿನವು ಗೆರೆ ಹಾಕಿದ ಡ್ರೇಪಿನಿಂದ ಪ್ರತಿ ತಾಯಿಯ ರಕ್ತ ಅಳೆದವು. ರಕ್ತ ಮಿತಿ ದಾಟಿದ ಕೂಡಲೇ ಗರ್ಭಕೋಶ ಉಜ್ಜುವುದು, ಕುಗ್ಗಿಸುವ ಔಷಧ, ಟ್ರಾನೆಕ್ಸಾಮಿಕ್ ಆಸಿಡ್ ಎಂಬ ರಕ್ತ ನಿಲ್ಲಿಸುವ ಔಷಧ, ಡ್ರಿಪ್, ಗಾಯ ಎಲ್ಲಿದೆ ಎಂಬ ಪರೀಕ್ಷೆ ಎಲ್ಲವನ್ನೂ ಒಟ್ಟಿಗೇ ಆರಂಭಿಸಿದವು. ಹಳೆಯ ಪದ್ಧತಿಯಲ್ಲಿ ಒಂದು ಮಾಡಿ, ಸರಿಹೋಗದಿದ್ದರೆ ಇನ್ನೊಂದು ಎಂದು ಕಾಯುತ್ತಿದ್ದರು.

ಎಂದಿನಂತೆ ನಡೆದ ಆಸ್ಪತ್ರೆಗಳಲ್ಲಿ ರಕ್ತಸ್ರಾವವಾದ ತಾಯಂದಿರ ಪೈಕಿ ಗುರುತಿಗೆ ಸಿಕ್ಕವರು ಶೇ 51 ಮಾತ್ರ. ಡ್ರೇಪ್ ಇದ್ದ ಕಡೆ ಶೇ 93. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ, ರಕ್ತಸ್ರಾವದಿಂದ ಸಾವು ಈ ಮೂರರಲ್ಲಿ ಒಂದಾದರೂ ಆದ ಪ್ರಮಾಣ ಶೇ 4.3ರಿಂದ ಶೇ 1.6ಕ್ಕೆ ಇಳಿಯಿತು. ಅಂದರೆ ಸುಮಾರು ಶೇ 60ರಷ್ಟು ಇಳಿಕೆ. ಔಷಧಗಳೆಲ್ಲ ಆ ಆಸ್ಪತ್ರೆಗಳಿಗೆ ಮೊದಲೇ ಗೊತ್ತಿದ್ದವು. ಯಾವ ತಾಯಿಗೆ ಯಾವ ಕ್ಷಣದಲ್ಲಿ ಬೇಕೆಂಬುದು ಗೊತ್ತಾಗುತ್ತಿರಲಿಲ್ಲ.

ಟ್ರಾನೆಕ್ಸಾಮಿಕ್ ಆಸಿಡ್ ಬಗ್ಗೆ ಒಂದು ಮಾತು. ಅದನ್ನು 1960ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ಉತಾಕೊ ಮತ್ತು ಶೋಸುಕೆ ಒಕಾಮೊಟೊ ದಂಪತಿ. ಬಾಣಂತಿಯರ ಜೀವ ಉಳಿಸಬೇಕೆಂಬುದು ಅವರ ಆಸೆಯಾಗಿತ್ತು. ಆ ಆಸೆಗೆ ಗಟ್ಟಿ ಪುರಾವೆ ಸಿಕ್ಕಿದ್ದು 2017ರಲ್ಲಿ, 21 ದೇಶಗಳ 193 ಆಸ್ಪತ್ರೆಗಳಲ್ಲಿ 20,060 ತಾಯಂದಿರು ಪಾಲ್ಗೊಂಡ 'ವುಮನ್' ಅಧ್ಯಯನದಿಂದ. ಹೆರಿಗೆಯಾಗಿ 3 ಗಂಟೆಯೊಳಗೆ ಈ ಔಷಧ ಕೊಟ್ಟಾಗ ರಕ್ತಸ್ರಾವದಿಂದ ಸತ್ತವರು ಶೇ 1.2, ಕೊಡದಿದ್ದಾಗ ಶೇ 1.7. ತಡವಾದರೆ ಆ ಲಾಭ ಕಾಣಲಿಲ್ಲ. ಉತಾಕೊ ಅವರು ಅದಕ್ಕೆ ಒಂದು ವರ್ಷ ಮೊದಲು, 2016ರಲ್ಲಿ ತೀರಿಕೊಂಡಿದ್ದರು.

2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಮಾರ್ಗಸೂಚಿ ಬಂತು. 500 ಮಿಲಿಲೀಟರ್ ಆಗುವವರೆಗೆ ಕಾಯಬೇಕಿಲ್ಲ. 300 ಮಿಲಿಲೀಟರ್ ರಕ್ತ ಹೋಗಿ, ನಾಡಿಬಡಿತ ಅಥವಾ ರಕ್ತದೊತ್ತಡ ಹದ ತಪ್ಪಿದ್ದರೆ ಚಿಕಿತ್ಸೆ ಆರಂಭಿಸಿ ಎನ್ನುತ್ತದೆ ಅದು. ಗೆರೆ ಹಾಕಿದ ಚೀಲ ಇಲ್ಲದಿದ್ದರೆ ಇಂಥ ನಿಯಮ ಬರೆಯುವುದಕ್ಕೂ ಪಾಲಿಸುವುದಕ್ಕೂ ಆಗುತ್ತಿರಲಿಲ್ಲ.

ಕರ್ನಾಟಕದಲ್ಲಿ 2004-06ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69. ಇದಕ್ಕೆ ಆಸ್ಪತ್ರೆಯ ಹೆರಿಗೆ, 108 ಆಂಬುಲೆನ್ಸ್, ರಕ್ತನಿಧಿ, ಆಶಾ ಕಾರ್ಯಕರ್ತೆಯರ ದುಡಿಮೆ ಎಲ್ಲವೂ ಕಾರಣ. ಆದರೆ ಆಸ್ಪತ್ರೆಗೆ ಬಂದವಳಿಗೆ ಅಲ್ಲಿ ಏನು ಮಾಡಬೇಕು ಎಂಬ ತಿಳಿವು ಇಂಥ ಅಧ್ಯಯನಗಳಿಂದಲೇ ಬಂದದ್ದು.

ಒಳ್ಳೆಯದೆಂದು ಕೊಟ್ಟದ್ದು ಕೆಡುಕು ಮಾಡಿದಾಗ

ಎಲ್ಲ ಅಧ್ಯಯನಗಳೂ ಸಿಹಿಸುದ್ದಿ ತರುವುದಿಲ್ಲ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆ ಇದ್ದರೆ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಇದನ್ನು 1972ರಲ್ಲೇ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಲಿಗಿನ್ಸ್ ಮತ್ತು ಹೋವಿ ತೋರಿಸಿದ್ದರು. ದೊಡ್ಡ ಆಸ್ಪತ್ರೆಗಳಲ್ಲಿ ಜೀವ ಉಳಿಸಿದ್ದನ್ನು ಹಳ್ಳಿಹಳ್ಳಿಗೂ ಒಯ್ದರೆ ಎಷ್ಟು ಮಕ್ಕಳು ಉಳಿಯಬಹುದು! ಯಾರಿಗಾದರೂ ಹಾಗೇ ಅನಿಸುತ್ತದೆ.

ಬೆಳಗಾವಿ, ನಾಗಪುರಗಳೂ ಸೇರಿ ಆರು ದೇಶಗಳಲ್ಲಿ ಸುಮಾರು ಒಂದು ಲಕ್ಷ ಹೆರಿಗೆಗಳಲ್ಲಿ ಅದನ್ನು ಪರೀಕ್ಷಿಸಿದರು. 2015ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ತೀರಾ ಕಡಿಮೆ ತೂಕದಲ್ಲಿ ಹುಟ್ಟಿದ ಶಿಶುಗಳ ಸಾವು ಕಡಿಮೆಯಾಗಲಿಲ್ಲ. ಒಟ್ಟಾರೆ ನವಜಾತ ಶಿಶುಗಳ ಸಾವು ಸಾವಿರಕ್ಕೆ 3.5ರಷ್ಟು ಹೆಚ್ಚಿತ್ತು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚು.

ಹಾಗಾದರೆ ಈ ಔಷಧವೇ ಕೆಟ್ಟದ್ದೇ? ಉತ್ತರಕ್ಕೆ ಇನ್ನೊಂದು ಅಧ್ಯಯನ ಬೇಕಾಯಿತು. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾಗಳ 29 ಆಸ್ಪತ್ರೆಗಳಲ್ಲಿ ಸ್ಕ್ಯಾನಿಂಗ್ ಮಾಡಿ ಬಸಿರಿನ ವಾರಗಳನ್ನು ಖಚಿತಪಡಿಸಿಕೊಂಡು, ನಿಜಕ್ಕೂ ಅಗತ್ಯ ಇರುವ ತಾಯಂದಿರಿಗೆ ಮಾತ್ರ, ಎಳೆಮಕ್ಕಳ ಆರೈಕೆಯ ಸೌಕರ್ಯ ಇರುವಲ್ಲಿ ಮಾತ್ರ ಸ್ಟಿರಾಯ್ಡ್ ಕೊಟ್ಟರು. 2020ರ ಫಲಿತಾಂಶ: ಔಷಧ ಪಡೆದವರ ನವಜಾತ ಶಿಶುಗಳ ಸಾವು ಶೇ 19.6, ಪ್ಲಸೀಬೊ ಗುಂಪಿನಲ್ಲಿ ಶೇ 23.5. ಔಷಧ ಎರಡೂ ಕಡೆ ಸ್ಟಿರಾಯ್ಡೇ. ಯಾರಿಗೆ, ಎಲ್ಲಿ, ಯಾವ ಆರೈಕೆಯ ನಡುವೆ ಕೊಟ್ಟರು ಎಂಬುದು ಫಲವನ್ನೇ ತಿರುಗಿಸಿತ್ತು.

ಕೋವಿಡ್ ಕಾಲದಲ್ಲಿ ಪ್ಲಾಸ್ಮಾ (ಗುಣವಾದವರ ರಕ್ತದ ದ್ರವಭಾಗ) ದಾನಿಗಳಿಗಾಗಿ ವಾಟ್ಸಾಪಿನಲ್ಲಿ ಅಂಗಲಾಚಿದ್ದು ನೆನಪಿರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳೊಂದಿಗೆ ನಡೆಸಿದ ಅಧ್ಯಯನದಲ್ಲಿ, ಕಾಯಿಲೆ ಉಲ್ಬಣಿಸಿದವರು ಅಥವಾ ಸತ್ತವರು ಪ್ಲಾಸ್ಮಾ ಪಡೆದವರಲ್ಲಿ ಶೇ 19, ಪಡೆಯದವರಲ್ಲಿ ಶೇ 18. 2021ರ ಮೇ ತಿಂಗಳಲ್ಲಿ ಅದನ್ನು ಚಿಕಿತ್ಸಾ ಮಾರ್ಗಸೂಚಿಯಿಂದ ಕೈಬಿಟ್ಟರು.

ಸಹಿ ಹಾಕುವ ಮೊದಲು

ಈಗ ಮೊದಲಿನ ಭಯಕ್ಕೆ ಬರೋಣ. ಯಾವುದೇ ಅಧ್ಯಯನ ಆರಂಭವಾಗುವ ಮೊದಲು ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. 2019ರ ಹೊಸ ಔಷಧಗಳ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಈ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿರಬೇಕು, ಅವರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಆ ಸಂಸ್ಥೆಗೆ ಸೇರದವರಾಗಿರಬೇಕು. ಕಾನೂನು ಬಲ್ಲವರು, ವೈದ್ಯಕೀಯದ ಹೊರಗಿನ ಸಾಮಾನ್ಯ ವ್ಯಕ್ತಿ, ಮಹಿಳೆ ಇರಲೇಬೇಕು.

ಸಮ್ಮತಿ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದು ಬಾರದವರಿಗೆ ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯ ಎದುರು ಓದಿ ಹೇಳಬೇಕು. "ಬೇಡ" ಎಂದರೆ ಮಾಮೂಲಿ ಚಿಕಿತ್ಸೆಗೆ ಏನೂ ಕೊರತೆ ಆಗಬಾರದು, ಸೇರಿದ ಮೇಲೂ ಯಾವಾಗ ಬೇಕಾದರೂ, ಕಾರಣ ಹೇಳದೆ ಹೊರಬರಬಹುದು. ಔಷಧ ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಹಾನಿಗೆ ಪರಿಹಾರ ಕೊಡಬೇಕೆಂದು ಅದೇ ನಿಯಮಗಳು ಹೇಳುತ್ತವೆ.

ಹೆರಿಗೆ ನೋವಿನ ನಡುವೆ ಕಾಗದ ಹಿಡಿದು ಬರುವುದು ಸರಿಯಲ್ಲ. ಸಾಧ್ಯವಾದಷ್ಟೂ ಬಸುರಿಯ ತಪಾಸಣೆಗೆ ಬಂದಾಗಲೇ ವಿವರಿಸಿ, ಮನೆಯವರೊಂದಿಗೆ ಮಾತಾಡಲು ಸಮಯ ಕೊಡಬೇಕು. ಯಾವ ಔಷಧವನ್ನು ಯಾವುದರ ಜೊತೆ ಹೋಲಿಸುತ್ತಿದ್ದೀರಿ, ನಾನು ಸೇರದಿದ್ದರೆ ನನಗೆ ಯಾವ ಚಿಕಿತ್ಸೆ ಸಿಗುತ್ತದೆ, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಲು ಹಿಂಜರಿಯಬೇಡಿ. ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ) ನೋಂದಣಿ ಸಂಖ್ಯೆಯನ್ನೂ ಕೇಳಿ. 2007ರಲ್ಲಿ ಆರಂಭವಾದ ಈ ರಾಷ್ಟ್ರೀಯ ದಾಖಲೆಯಲ್ಲಿ ಔಷಧ ಪರೀಕ್ಷೆಗಳನ್ನು ನೋಂದಾಯಿಸುವುದು 2009ರಿಂದ ಕಡ್ಡಾಯ. ಅಧ್ಯಯನ ಯಾರದು, ಯಾವ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ, ಏನನ್ನು ಅಳೆಯುತ್ತಾರೆ ಎಂಬುದು ಅದರ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿರುತ್ತದೆ. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಮೊಬೈಲಿನಲ್ಲೇ ತೆಗೆದು ನೋಡಬಹುದು.